ಸಿಎಂಎಸ್ ಮತ್ತು ಸೌಲಭ್ಯಗಳ ತಪ್ಪು ಲೆಕ್ಕ

ವೆಬ್‌ಸೈಟಿನ ಬರಹ, ಚಿತ್ರ, ಬೆಲೆ, ವಿಳಾಸಗಳನ್ನು ಪ್ರೋಗ್ರಾಮಿಂಗ್ ಬಾರದವರೂ ಸೇರಿಸುವಂತೆ, ತಿದ್ದುವಂತೆ, ತೆಗೆದುಹಾಕುವಂತೆ ಮಾಡುವ ತಂತ್ರಾಂಶಕ್ಕೆ ವಿಷಯ ನಿರ್ವಹಣಾ ವ್ಯವಸ್ಥೆ ಎಂದು ಹೆಸರು. ಬಳಕೆಯಲ್ಲಿ ಎಲ್ಲರೂ ಸಿಎಂಎಸ್ ಎನ್ನುತ್ತಾರೆ. ಬರಹ ಡೇಟಾಬೇಸಿನಲ್ಲಿ ಒಂದು ಕಡೆ, ಪುಟದ ಚಹರೆ ಟೆಂಪ್ಲೇಟಿನಲ್ಲಿ ಇನ್ನೊಂದು ಕಡೆ ಇರುತ್ತವೆ. ಯಾರಾದರೂ ಪುಟ ತೆರೆದಾಗ ಎರಡೂ ಕೂಡಿ ಪರದೆಯ ಮೇಲೆ ಬರುತ್ತವೆ. ಮೂಲ ಕೆಲಸ ಇಷ್ಟೇ. ಆದರೆ ವ್ಯಾಪಾರ ಸಂಸ್ಥೆಗಳು ಸಿಎಂಎಸ್ ಆರಿಸುವಾಗ ಈ ಮೂಲ ಕೆಲಸವನ್ನು ವಿಚಾರಿಸುವುದು ಅಪರೂಪ. ಏಜೆನ್ಸಿಗಳ ಕೊಟೇಶನ್ನುಗಳಲ್ಲಿ, ಹೋಲಿಕೆಯ ಕೋಷ್ಟಕಗಳಲ್ಲಿ, ಮಾರಾಟದ ಡೆಮೊಗಳಲ್ಲಿ ನಡೆಯುವ ಲೆಕ್ಕವೇ ಬೇರೆ: ಯಾವುದರಲ್ಲಿ ಸೌಲಭ್ಯ ಹೆಚ್ಚೋ ಅದೇ ಮೇಲು, ಇಂದು ಬೇಡವಾದದ್ದು ನಾಳೆ ಬೇಕಾದೀತು, ಒಮ್ಮೆ ಹಾಕಿಸಿಬಿಟ್ಟರೆ ಮುಂದೆ ಡೆವಲಪರ್ ಹಂಗಿಲ್ಲ. ಈ ಲೆಕ್ಕ ಬುಡದಿಂದಲೇ ತಪ್ಪು. ಸಿಎಂಎಸ್‌ನ ಪ್ರತಿಯೊಂದು ಸೌಲಭ್ಯವೂ ಯಾರಾದರೂ ಹೊತ್ತು ನಡೆಸಬೇಕಾದ ಹೊಣೆ. ಹೊರುವವರಿಲ್ಲದ ಸೌಲಭ್ಯ ಸುಮ್ಮನೆ ಬಿದ್ದಿರುವುದಿಲ್ಲ, ನಷ್ಟ ಮಾಡುತ್ತದೆ.

ಇಂಥ ನಂಬಿಕೆ ಬೇರೂರಿದ್ದಕ್ಕೆ ಕಾರಣವಿದೆ. 1990ರ ದಶಕದ ಕೊನೆಯಲ್ಲಿ ಸಿಎಂಎಸ್ ಎಂದರೆ ವಿನ್ಯೆಟ್, ಇಂಟರ್‌ವೋವನ್‌ನಂಥ ಕಂಪನಿಗಳು ದೊಡ್ಡ ಸಂಸ್ಥೆಗಳಿಗೆ ಮಾರುತ್ತಿದ್ದ ದುಬಾರಿ ಸರಕು. 2001ರಲ್ಲಿ ಬೆಲ್ಜಿಯಂನ ಡ್ರೀಸ್ ಬೈಟಾರ್ಟ್ ಡ್ರುಪಲ್ ಅನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದರು. 2003ರ ಮೇ 27ರಂದು ಮ್ಯಾಟ್ ಮಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್, ಬಿ2 ಎಂಬ ಹಳೆಯ ತಂತ್ರಾಂಶದ ಅಡಿಪಾಯದ ಮೇಲೆ ಕಟ್ಟಿದ ವರ್ಡ್‌ಪ್ರೆಸ್ ಹೊರಬಂತು. 2005ರಲ್ಲಿ ಮ್ಯಾಂಬೊದಿಂದ ಕವಲೊಡೆದು ಜೂಮ್ಲಾ ಹುಟ್ಟಿತು. ಮೂರೂ ಪುಕ್ಕಟೆ. ಬೆಲೆಯೇ ಇಲ್ಲದ ಮೇಲೆ ಬೆಲೆಯಲ್ಲಿ ಸ್ಪರ್ಧಿಸುವುದು ಹೇಗೆ? ಸ್ಪರ್ಧೆ ಸೌಲಭ್ಯಗಳ ಎಣಿಕೆಗೆ ತಿರುಗಿತು. ಹೊರಗಿನವರು ಬರೆದ ಪ್ಲಗಿನ್‌ಗಳನ್ನು ಜೋಡಿಸಿಕೊಳ್ಳುವ ವ್ಯವಸ್ಥೆ ವರ್ಡ್‌ಪ್ರೆಸ್‌ಗೆ 2004ರಲ್ಲಿ, 1.2ನೇ ಆವೃತ್ತಿಯಲ್ಲಿ ಬಂತು; ಇಂದು ಅದರ ಅಧಿಕೃತ ಭಂಡಾರದಲ್ಲಿ ಸುಮಾರು 60 ಸಾವಿರ ಪ್ಲಗಿನ್‌ಗಳಿವೆ. ‘ವರ್ಡ್‌ಪ್ರೆಸ್‌ನಲ್ಲಿ ಆಗದ್ದೇ ಇಲ್ಲ’ ಎಂಬ ಮಾತು ಹೆಚ್ಚುಕಡಿಮೆ ನಿಜವೇ. ಆದರೆ ಆಗುತ್ತದೆ ಎನ್ನುವುದು ಒಂದು. ಈ ಸಂಸ್ಥೆಯಲ್ಲಿ, ಈ ನೌಕರರ ಕೈಯಲ್ಲಿ, ವರ್ಷವಿಡೀ ಆಗುತ್ತಿರುತ್ತದೆ ಎನ್ನುವುದು ಇನ್ನೊಂದು. ಸೌಲಭ್ಯಗಳ ಪಟ್ಟಿ ಮೊದಲನೆಯದನ್ನು ತೋರಿಸಿ ಎರಡನೆಯದಕ್ಕೆ ದುಡ್ಡು ಪಡೆಯುತ್ತದೆ.

ಕೋಷ್ಟಕದಲ್ಲಿ ಹಾಕಿದ ಟಿಕ್ ಗುರುತು ಒಂದು ಸೌಲಭ್ಯ ಇದೆಯೆಂದಷ್ಟೇ ಹೇಳುತ್ತದೆ, ಅದು ಹೇಗೆ ನಡೆಯುತ್ತದೆ ಎಂಬುದನ್ನು ಹೇಳುವುದಿಲ್ಲ. ನಿಗದಿತ ಸಮಯಕ್ಕೆ ಪುಟ ಪ್ರಕಟಿಸುವ ಸೌಲಭ್ಯವನ್ನೇ ನೋಡಬಹುದು. ದೀಪಾವಳಿಯ ರಿಯಾಯಿತಿಯ ಪುಟ ಬೆಳಿಗ್ಗೆ 6ಕ್ಕೆ ತಾನಾಗಿ ಬರಬೇಕೆಂದು ಅಂಗಡಿಯವರು ಹಿಂದಿನ ದಿನವೇ ಹೊಂದಿಸಿಡುತ್ತಾರೆ. ವರ್ಡ್‌ಪ್ರೆಸ್‌ನಲ್ಲಿ ಈ ಕೆಲಸ ಮಾಡುವ ಭಾಗಕ್ಕೆ ಸ್ವಂತ ಗಡಿಯಾರವಿಲ್ಲ. ಯಾರಾದರೂ ಸೈಟಿಗೆ ಭೇಟಿ ಕೊಟ್ಟಾಗ ಮಾತ್ರ ಅದು ಎಚ್ಚರಗೊಂಡು ಬಾಕಿ ಕೆಲಸಗಳನ್ನು ಮುಗಿಸುತ್ತದೆ. ಸದಾ ಜನ ಬರುವ ಸೈಟಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ 9ರವರೆಗೆ ಯಾರೂ ಬಾರದ ಸಣ್ಣ ಸೈಟಿನಲ್ಲಿ ಪುಟ 9ಕ್ಕೇ ಹೊರಬೀಳುತ್ತದೆ. ಸರ್ವರ್‌ನ ಗಡಿಯಾರಕ್ಕೆ ಜೋಡಿಸಿ ಇದನ್ನು ಸರಿಪಡಿಸಬಹುದು, ಆದರೆ ಜೋಡಿಸಬೇಕೆಂದು ಗೊತ್ತಿರುವವರು ಬೇಕು. ಡೆವಲಪರ್ ಬೇಡವೆಂದು ಕೊಂಡ ಸೌಲಭ್ಯ ಡೆವಲಪರ್ ಇಲ್ಲದೆ ನೆಟ್ಟಗೆ ನಡೆಯದು.

ಬಳಕೆದಾರರ ಪಾತ್ರಗಳ ಕಥೆಯೂ ಹೀಗೇ. ವರ್ಡ್‌ಪ್ರೆಸ್‌ನಲ್ಲಿ ನಿರ್ವಾಹಕ, ಸಂಪಾದಕ, ಲೇಖಕ, ಕೊಡುಗೆದಾರ, ಚಂದಾದಾರ ಎಂಬ ಐದು ಪಾತ್ರಗಳು ಮೊದಲಿನಿಂದಲೇ ಸಿದ್ಧವಾಗಿರುತ್ತವೆ. ಕೊಡುಗೆದಾರ ಬರೆಯಬಹುದು, ಪ್ರಕಟಿಸುವಂತಿಲ್ಲ. ಸಂಪಾದಕ ಎಲ್ಲರ ಬರಹವನ್ನೂ ತಿದ್ದಿ ಪ್ರಕಟಿಸಬಹುದು, ಪ್ಲಗಿನ್ ಹಾಕುವಂತಿಲ್ಲ. ಇಡೀ ವ್ಯವಸ್ಥೆಯಲ್ಲಿ ವ್ಯಾಪಾರಕ್ಕೆ ಅತ್ಯಂತ ಬೆಲೆಬಾಳುವ ಸೌಲಭ್ಯಗಳಲ್ಲಿ ಇದೊಂದು, ಅದೂ ಖರ್ಚಿಲ್ಲದೆ ಬಂದದ್ದು. ಬಹುಪಾಲು ಸಣ್ಣ ಸಂಸ್ಥೆಗಳಲ್ಲಿ ಇದು ಸತ್ತುಬಿದ್ದಿರುತ್ತದೆ. ಮಾಲೀಕರು, ಅವರ ಮಗ, ಲೆಕ್ಕ ಬರೆಯುವವರು, ಹಿಂದಿನ ವರ್ಷ ಕೆಲಸ ಬಿಟ್ಟುಹೋದ ಹುಡುಗ, ಏಜೆನ್ಸಿಯ ಇಬ್ಬರು, ಎಲ್ಲರ ಬಳಿಯೂ ನಿರ್ವಾಹಕನ ಒಂದೇ ಪಾಸ್‌ವರ್ಡ್. ಬೆಲೆ ತಪ್ಪಾಗಿ ಪ್ರಕಟವಾದರೆ ಯಾರು ಬದಲಿಸಿದರೆಂದು ತಿಳಿಯುವ ದಾರಿ ಅಲ್ಲಿಗೆ ಮುಚ್ಚಿತು. ಹಳೆಯ ಪ್ರತಿಗಳನ್ನು ಉಳಿಸಿಡುವ ಇನ್ನೊಂದು ಒಳ್ಳೆಯ ಸೌಲಭ್ಯವಿದೆ, ಪ್ರತಿ ತಿದ್ದುಪಡಿಯ ಪಕ್ಕದಲ್ಲಿ ತಿದ್ದಿದವರ ಹೆಸರು ತೋರಿಸುತ್ತದೆ. ಎಲ್ಲ ಸಾಲಿನಲ್ಲೂ ‘ಅಡ್ಮಿನ್’ ಎಂದೇ ಇದ್ದರೆ ಆ ಹೆಸರಿನಿಂದ ಏನು ಪ್ರಯೋಜನ? ಯಾರು ಬರೆಯುತ್ತಾರೆ, ಯಾರು ಒಪ್ಪುತ್ತಾರೆ ಎಂದು ಸಂಸ್ಥೆ ತಾನೇ ನಿರ್ಧರಿಸದಿದ್ದರೆ ತಂತ್ರಾಂಶ ನಿರ್ಧರಿಸಿಕೊಡುವುದಿಲ್ಲ.

‘ಯಾರು ಬೇಕಾದರೂ ಪುಟ ಕಟ್ಟಬಹುದು’ ಎಂಬುದು ಪಟ್ಟಿಯ ಮೊದಲ ಸಾಲು, ಅತಿ ಹೆಚ್ಚು ಹಾನಿ ಮಾಡಿದ ಸಾಲೂ ಅದೇ. ಪೇಜ್ ಬಿಲ್ಡರ್ ಎಂಬ ಪ್ಲಗಿನ್‌ಗಳಲ್ಲಿ ಪೆಟ್ಟಿಗೆಗಳನ್ನು ಎಳೆದು ತಂದು ಬಿಟ್ಟರೆ ಪುಟ ಸಿದ್ಧ; ಡೆಮೊದಲ್ಲಿ ಇದರಷ್ಟು ಮೋಹಕವಾದದ್ದು ಬೇರೊಂದಿಲ್ಲ. ಬೆಂಗಳೂರಿನ ಚಿಕ್ಕಪೇಟೆಯಂಥ ಕಡೆಯ ರೇಷ್ಮೆ ಸೀರೆ ಅಂಗಡಿಯೊಂದು ಹೀಗೆ ಸೈಟು ಕಟ್ಟಿಕೊಂಡಿತೆಂದು ಭಾವಿಸಿದರೆ, ಪ್ರತಿ ಸೀರೆಗೂ ಒಂದು ಚಂದದ ಪುಟ. ಅದರೊಳಗೆ ಚಿತ್ರ, ಚಿತ್ರದ ಕೆಳಗೆ ದೊಡ್ಡಕ್ಷರದಲ್ಲಿ ಬೆಲೆ, ಪಕ್ಕದಲ್ಲಿ ಜರಿಯ ವಿವರ. ಎಲ್ಲವೂ ಪುಟಕ್ಕೆ ಅಂಟಿಕೊಂಡ ಅಕ್ಷರಗಳು. ಯಂತ್ರಕ್ಕೆ ಅದರಲ್ಲಿ ಬೆಲೆ ಯಾವುದು, ಫೋನ್ ನಂಬರ್ ಯಾವುದು ಎಂಬುದು ತಿಳಿಯದು. ಜರಿಯ ದರ ಏರಿದ ದಿನ ನೂರಾರು ಪುಟಗಳನ್ನು ಒಂದೊಂದಾಗಿ ತೆರೆದು ಬೆಲೆ ತಿದ್ದಬೇಕು. ‘10 ಸಾವಿರದ ಒಳಗಿನ ಸೀರೆಗಳು’ ಎಂದು ಗ್ರಾಹಕರಿಗೆ ಹುಡುಕಿಕೊಡಲು ಬರುವುದಿಲ್ಲ. ಅದೇ ವಿವರವನ್ನು ವಾಟ್ಸ್ಆ್ಯಪ್ ಕ್ಯಾಟಲಾಗಿಗೋ ಮಾರಾಟದ ಆ್ಯಪಿಗೋ ಕಳಿಸಬೇಕಾದರೆ ಮತ್ತೆ ಕೈಯಿಂದ ಟೈಪು ಮಾಡಬೇಕು. ಬರಹವನ್ನು ಚಹರೆಯಿಂದ ಬೇರ್ಪಡಿಸುವುದಕ್ಕೆಂದೇ ಹುಟ್ಟಿದ ವ್ಯವಸ್ಥೆಯಲ್ಲಿ ಎರಡನ್ನೂ ಮತ್ತೆ ಕಲಸಿ ಅದನ್ನೇ ಸೌಲಭ್ಯವೆಂದು ಮಾರಲಾಗುತ್ತಿದೆ.

ಇದಕ್ಕೆ ಪರಿಹಾರ ಹೊಸತಲ್ಲ. ಅಮೆರಿಕದ ಸಾರ್ವಜನಿಕ ರೇಡಿಯೊ ಸಂಸ್ಥೆ ಎನ್‌ಪಿಆರ್ 2009ರ ಹೊತ್ತಿಗೇ, ಒಮ್ಮೆ ಬರೆದದ್ದನ್ನು ಎಲ್ಲ ಕಡೆ ಪ್ರಕಟಿಸುವ ತನ್ನ ಪದ್ಧತಿಯನ್ನು ವಿವರಿಸಿತ್ತು. ಶೀರ್ಷಿಕೆ, ಸಾರಾಂಶ, ಧ್ವನಿ, ಚಿತ್ರ ಎಲ್ಲವನ್ನೂ ಬೇರೆಬೇರೆ ಮನೆಗಳಲ್ಲಿ ತುಂಬಿಸಿದ್ದರಿಂದ ಅದೇ ಸುದ್ದಿ ವೆಬ್‌ಸೈಟಿಗೂ ಮೊಬೈಲ್ ಆ್ಯಪಿಗೂ ಸ್ಥಳೀಯ ರೇಡಿಯೊ ಕೇಂದ್ರಗಳ ಸೈಟುಗಳಿಗೂ ಹೋಗಬಲ್ಲದಾಯಿತು. ವರ್ಡ್‌ಪ್ರೆಸ್ ಕೂಡ 2010ರ 3.0 ಆವೃತ್ತಿಯಲ್ಲಿ, ಪುಟ ಮತ್ತು ಬರಹಗಳ ಜೊತೆಗೆ ‘ಸೀರೆ’, ‘ಶಾಖೆ’, ‘ಹುದ್ದೆ’ ಎಂದು ಸಂಸ್ಥೆಗೆ ಬೇಕಾದ ಬಗೆಗಳನ್ನು ಸುಲಭವಾಗಿ ಸೃಷ್ಟಿಸಿಕೊಳ್ಳುವ ಅವಕಾಶ ಕೊಟ್ಟಿತು. ಡ್ರುಪಲ್‌ನ ಬಲವೇ ಇದು. ಆದರೆ ಹೀಗೆ ಮಾಡಲು ಮೊದಲು ಕೂತು ವ್ಯಾಪಾರದ ಸರಕನ್ನು ವಿಂಗಡಿಸಬೇಕು: ಒಂದು ಸೀರೆಯ ಬಗ್ಗೆ ಗ್ರಾಹಕರು ಏನೇನು ಕೇಳುತ್ತಾರೆ, ಯಾವುದು ದಿನವೂ ಬದಲಾಗುತ್ತದೆ, ಯಾವುದು ಎಂದೂ ಬದಲಾಗದು? ಇದು ಡೆಮೊದಲ್ಲಿ ಕಾಣುವ ಕೆಲಸವಲ್ಲ, ಕೊಟೇಶನ್ನಿನಲ್ಲಿ ಇದಕ್ಕೊಂದು ಸಾಲು ಇರುವುದೂ ವಿರಳ. 2006ರಲ್ಲಿ ಕೆನಡಾದಲ್ಲಿ ಶುರುವಾದ, ಆನ್‌ಲೈನ್ ಮಾರಾಟದ ವೇದಿಕೆಯಾದ ಶಾಪಿಫೈ, ಅಂಗಡಿಗಳಿಗೆ ಹಿಡಿಸಿದ್ದರಲ್ಲಿ, ಅದು ಬೆಲೆಗೆ, ಅಳತೆಗೆ, ದಾಸ್ತಾನಿಗೆ ಮೊದಲೇ ಮನೆ ಕಟ್ಟಿ ಆ ಮನೆಗಳಲ್ಲೇ ತುಂಬುವಂತೆ ಬಳಕೆದಾರರನ್ನು ಬಿಗಿಹಿಡಿಯುವ ಗುಣದ್ದೂ ಪಾಲಿದೆ. ಬಿಗಿ ಹಿಡಿಯುವುದೂ ಸಿಎಂಎಸ್‌ನ ಕೆಲಸವೇ. ಅದನ್ನು ಕೊರತೆಯೆಂದು ಬಗೆದು ಪಟ್ಟಿ ಮಾಡುವವರು ಟಿಕ್ ಕೊಡುವುದಿಲ್ಲ.

ಪ್ಲಗಿನ್‌ಗಳ ವಿಷಯದಲ್ಲಿ ತಪ್ಪು ಲೆಕ್ಕ ನೇರವಾಗಿ ಅಪಾಯಕ್ಕೆ ಒಯ್ಯುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಪ್ಲಗಿನ್ನೊಂದನ್ನು ಹಾಕಿಕೊಳ್ಳುವುದೆಂದರೆ ಮನೆಯ ಬೀಗದಕೈಯ ನಕಲನ್ನು ಅದನ್ನು ಬರೆದವರ ಕೈಗೆ ಕೊಟ್ಟ ಹಾಗೆ. ಪ್ಲಗಿನ್ನಿನ ಸಂಕೇತ (ಕೋಡ್) ಇಡೀ ಡೇಟಾಬೇಸನ್ನು ಓದಬಲ್ಲದು, ಬದಲಿಸಬಲ್ಲದು. ಬರೆದವರು ನಾಳೆ ಅದನ್ನು ಮಾರಿದರೆ ಕೀಲಿಯೂ ಕೈ ಬದಲಾಗುತ್ತದೆ. 2017ರಲ್ಲಿ ಹಾಗೆಯೇ ಆಯಿತು. ಸುಮಾರು 2 ಲಕ್ಷ ಸೈಟುಗಳಲ್ಲಿದ್ದ ಡಿಸ್‌ಪ್ಲೇ ವಿಜೆಟ್ಸ್ ಎಂಬ ಪ್ಲಗಿನ್ ಮಾರಾಟವಾಗಿ, ಹೊಸ ಒಡೆಯರು ಹೊರಬಿಟ್ಟ ಅಪ್‌ಡೇಟಿನೊಳಗೆ ಸ್ಪ್ಯಾಮ್ ತುಂಬುವ ಕಳ್ಳಬಾಗಿಲು ಸೇರಿತ್ತು. ಸೆಪ್ಟೆಂಬರಿನಲ್ಲಿ ಅದನ್ನು ಭಂಡಾರದಿಂದ ಕಿತ್ತುಹಾಕಿದರು. ಡಿಸೆಂಬರಿನಲ್ಲಿ ಸುಮಾರು 3 ಲಕ್ಷ ಸೈಟುಗಳಲ್ಲಿದ್ದ ಕ್ಯಾಪ್ಚಾ ಪ್ಲಗಿನ್‌ನಲ್ಲಿ ಅಂಥದೇ ಬಾಗಿಲು ಸಿಕ್ಕಿತು. ಅದೂ ಕೈ ಬದಲಾದ ಸರಕೇ. 2018ರ ನವೆಂಬರಿನಲ್ಲಂತೂ ಯುರೋಪಿನ ಖಾಸಗಿತನದ ಕಾನೂನನ್ನು ಪಾಲಿಸಲು ನೆರವಾಗುವ ಡಬ್ಲ್ಯುಪಿ ಜಿಡಿಪಿಆರ್ ಕಂಪ್ಲಯನ್ಸ್ ಎಂಬ ಪ್ಲಗಿನ್‌ನ ದೋಷದ ಮೂಲಕವೇ ದಾಳಿಕೋರರು ಸೈಟುಗಳಲ್ಲಿ ನಿರ್ವಾಹಕರಾಗಿ ನುಸುಳಿದರು. ಗ್ರಾಹಕರ ಮಾಹಿತಿ ಕಾಯಲು ತಂದ ಸೌಲಭ್ಯವೇ ಆ ಮಾಹಿತಿಗೆ ದಾರಿಯಾಯಿತು.

ಭಾರತದ ವ್ಯಾಪಾರಿಗೆ ಇದು ದೂರದ ಕಥೆಯಲ್ಲ. ‘ನಮ್ಮನ್ನು ಸಂಪರ್ಕಿಸಿ’ ಎಂಬ ಫಾರಂ ಹಾಕುವ ಬಹಳಷ್ಟು ಪ್ಲಗಿನ್‌ಗಳು, ತುಂಬಿದವರ ಹೆಸರು, ಫೋನ್ ನಂಬರುಗಳನ್ನು ಡೇಟಾಬೇಸಿನಲ್ಲಿ ಕೂಡಿಡುತ್ತವೆ. ಅಲ್ಲಿ ಎಷ್ಟು ಸಾವಿರ ನಂಬರುಗಳು ಸೇರಿವೆಯೆಂದು ಮಾಲೀಕರಿಗೇ ಗೊತ್ತಿರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಕಾಪಾಡುವ ಹೊಣೆ ಸಂಗ್ರಹಿಸಿದ ಸಂಸ್ಥೆಯದು, ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಪ್ಲಗಿನ್ ಬರೆದವರು ಎಲ್ಲೋ ಇರುತ್ತಾರೆ. ಉತ್ತರ ಹೇಳಬೇಕಾದವರು ಅಂಗಡಿಯವರು.

ಇನ್ನು ನಿರ್ವಹಣೆ. ‘ಒಮ್ಮೆ ಹಾಕಿಸಿದರೆ ಮುಗಿಯಿತು’ ಎಂಬ ಭರವಸೆಯನ್ನು ಒಡೆಯಲು 2014ರ ಅಕ್ಟೋಬರ್ 15ರ ಘಟನೆಯೊಂದೇ ಸಾಕು. ಡ್ರುಪಲ್ 7ರಲ್ಲಿ ಭಾರಿ ದೋಷವೊಂದಿದೆ, ಕೂಡಲೇ ಸರಿಪಡಿಸಿಕೊಳ್ಳಿ ಎಂದು ಅದರ ಭದ್ರತಾ ತಂಡ ಅಂದು ಪ್ರಕಟಿಸಿತು. ಎರಡು ವಾರಗಳ ನಂತರ ಅದೇ ತಂಡ ಹೊರಡಿಸಿದ ಎಚ್ಚರಿಕೆ ಇನ್ನೂ ಕಠಿಣವಾಗಿತ್ತು: ಪ್ರಕಟಣೆಯಾದ 7 ಗಂಟೆಗಳೊಳಗೆ ಸರಿಪಡಿಸದಿದ್ದ ಪ್ರತಿ ಸೈಟೂ ದಾಳಿಕೋರರ ಕೈಸೇರಿದೆ ಎಂದೇ ತಿಳಿಯತಕ್ಕದ್ದು. ಆ 7 ಗಂಟೆಗಳು ಭಾರತದ ಗಡಿಯಾರದಲ್ಲಿ ರಾತ್ರಿ 9.30ರಿಂದ ನಸುಕಿನ 4.30. ಆ ಹೊತ್ತಿನಲ್ಲಿ ಯಾವ ಏಜೆನ್ಸಿ ಎದ್ದು ಕೂತಿತ್ತು? ಸೈಟು ಮಾಡಿಸಿಕೊಂಡ ಎಷ್ಟು ಸಂಸ್ಥೆಗಳ ವಾರ್ಷಿಕ ನಿರ್ವಹಣಾ ಕರಾರಿನಲ್ಲಿ ಇಂಥ ರಾತ್ರಿಗೆ ಜಾಗವಿತ್ತು? 

ವರ್ಡ್‌ಪ್ರೆಸ್ ಇದಕ್ಕೆ ಒಳ್ಳೆಯ ಉತ್ತರ ಕಂಡುಕೊಂಡಿತ್ತು. 2013ರ 3.7 ಆವೃತ್ತಿಯಿಂದ ಸಣ್ಣ ಭದ್ರತಾ ಅಪ್‌ಡೇಟುಗಳು ತಾವಾಗಿಯೇ ಕೂರುತ್ತವೆ. 2017ರ ಜನವರಿ 26ರಂದು, ಇಲ್ಲಿ ಗಣರಾಜ್ಯೋತ್ಸವದ ರಜೆಯಿದ್ದ ದಿನ, 4.7.2 ಆವೃತ್ತಿ ಬಂದು ಗಂಭೀರ ದೋಷವೊಂದನ್ನು ಮುಚ್ಚಿತು. ದೋಷದ ವಿವರವನ್ನು ಫೆಬ್ರವರಿ 1ರವರೆಗೆ ಬೇಕೆಂದೇ ಹೊರಹಾಕಲಿಲ್ಲ. ಸ್ವಯಂಚಾಲಿತ ಅಪ್‌ಡೇಟನ್ನು ಹಾಗೇ ಬಿಟ್ಟಿದ್ದವರು ಬಚಾವಾದರು. ಆದರೂ ಮುಂದಿನ ದಿನಗಳಲ್ಲಿ 15 ಲಕ್ಷಕ್ಕೂ ಹೆಚ್ಚು ಪುಟಗಳು ವಿರೂಪಗೊಂಡವು. ಅಪ್‌ಡೇಟನ್ನು ಯಾರಾದರೂ ಏಕೆ ನಿಲ್ಲಿಸಿಡುತ್ತಾರೆ? ಹೆಚ್ಚಾಗಿ, ಮೂವತ್ತು ನಲವತ್ತು ಪ್ಲಗಿನ್‌ಗಳಲ್ಲಿ ಯಾವುದು ಮುರಿದುಬೀಳುತ್ತದೋ ಎಂಬ ಭಯದಿಂದ. ಸೌಲಭ್ಯಗಳ ರಾಶಿಯೇ ಅಪ್‌ಡೇಟಿಗೆ ಅಡ್ಡ ನಿಲ್ಲುತ್ತದೆ, ಅಪ್‌ಡೇಟಿಲ್ಲದ ಸೈಟು ದಾಳಿಗೆ ತೆರೆದಿರುತ್ತದೆ. ಪುಕ್ಕಟೆ ತಂತ್ರಾಂಶದ ನಿಜವಾದ ಬೆಲೆ ಇಲ್ಲಿ ವಸೂಲಾಗುತ್ತದೆ. ಕೆಲವೊಮ್ಮೆ ಒಟ್ಟಿಗೇ ವಸೂಲಾಗುತ್ತದೆ: ಡ್ರುಪಲ್ 7ಕ್ಕೆ ಅಧಿಕೃತ ಬೆಂಬಲ 2025ರ ಜನವರಿ 5ಕ್ಕೆ ನಿಂತಿತು, ಮತ್ತು ಅದರಿಂದ ಮುಂದಿನ ಆವೃತ್ತಿಗಳಿಗೆ ಹೋಗುವುದೆಂದರೆ ಬಹುಮಟ್ಟಿಗೆ ಸೈಟನ್ನು ಹೊಸದಾಗಿ ಕಟ್ಟುವುದು.

ಸರ್ಚ್ ಎಂಜಿನ್‌ನಲ್ಲಿ ಮೇಲೆ ತರುವ ಸೌಲಭ್ಯದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಎಸ್‌ಇಒ ಪ್ಲಗಿನ್‌ಗಳು ಶೀರ್ಷಿಕೆ ಎಷ್ಟು ಉದ್ದವಿದೆ, ಪದ ಎಷ್ಟು ಸಲ ಬಂದಿದೆ ಎಂದೆಲ್ಲ ನೋಡಿ ಹಸಿರು ದೀಪ ತೋರಿಸುತ್ತವೆ. ಗ್ರಾಹಕರಿಗೆ ಬೇಕಾದ ಉತ್ತರ ಪುಟದಲ್ಲಿದೆಯೇ ಎಂಬುದು ಆ ದೀಪಕ್ಕೆ ಗೊತ್ತಿಲ್ಲ.

ಕನ್ನಡದಲ್ಲಿ ವ್ಯವಹರಿಸುವ ಸಂಸ್ಥೆಗೆ ಟಿಕ್ ಗುರುತಿನ ಪೊಳ್ಳುತನ ಇನ್ನೂ ಬೇಗ ಬಯಲಾಗುತ್ತದೆ. ‘ಬಹುಭಾಷಾ ಬೆಂಬಲ’ ಎಂಬ ಸಾಲಿನೆದುರು ಎಲ್ಲರೂ ಟಿಕ್ ಹಾಕಿಕೊಂಡಿರುತ್ತಾರೆ. ಹಲವು ಸಲ ಅದರ ಅರ್ಥ ಯಂತ್ರಾನುವಾದದ ಒಂದು ಗುಂಡಿ ಮಾತ್ರ. ಪುಟದ ವಿಳಾಸವನ್ನೇ ಪರೀಕ್ಷಿಸಿದರೆ ಸಾಕು. ಕನ್ನಡದ ಪ್ರತಿ ಅಕ್ಷರಚಿಹ್ನೆ, ಕಾಗುಣಿತದ ಗುರುತೂ ಸೇರಿ, ಯುಟಿಎಫ್-8ರಲ್ಲಿ 3 ಬೈಟು. ವಿಳಾಸದಲ್ಲಿ ಅದನ್ನು ಸಂಕೇತಿಸಿದಾಗ 9 ಅಕ್ಷರ. ವರ್ಡ್‌ಪ್ರೆಸ್ ಪುಟದ ವಿಳಾಸದ ತುಣುಕಿಗೆ ಕೊಡುವುದು 200 ಅಕ್ಷರಗಳ ಜಾಗ. ‘ಮೈಸೂರು ರೇಷ್ಮೆ ಸೀರೆಗಳು’ ಎಂಬ ಶೀರ್ಷಿಕೆಯೊಂದೇ ಅದರಲ್ಲಿ 173ನ್ನು ನುಂಗುತ್ತದೆ. ಮುಂದೆ ‘ಬೆಲೆ’ ಎಂದು ಸೇರಿಸಿದರೆ ಆ ಪದ ನಡುವೆಯೇ ತುಂಡಾಗುತ್ತದೆ. ಸೈಟಿನೊಳಗಿನ ಹುಡುಕಾಟ ಮೂಲತಃ ಅಕ್ಷರಗಳ ಹೊಂದಾಣಿಕೆ ನೋಡುವಂಥದು. ‘ಸೀರೆಗಳು’ ಎಂದು ಹುಡುಕಿದವರಿಗೆ ‘ಸೀರೆಯ’, ‘ಸೀರೆಗೆ’ ಎಂದಷ್ಟೇ ಇರುವ ಪುಟ ಸಿಗುವುದಿಲ್ಲ. ವಿಭಕ್ತಿ ಅಂಟುವ ಭಾಷೆಗೆ ಈ ಹುಡುಕಾಟ ಅರೆಬರೆಯೇ. ಎಲ್ಲಕ್ಕಿಂತ ಸಾಮಾನ್ಯವಾದ ಪೇಚು ಇನ್ನೊಂದಿದೆ: ಡಿಟಿಪಿ ಅಂಗಡಿಯಲ್ಲಿ ಹಳೆಯ ‘ನುಡಿ’ ಅಥವಾ ‘ಬರಹ’ ಫಾಂಟುಗಳಲ್ಲಿ ಸಿದ್ಧವಾದ ಕರಪತ್ರದ ಪಠ್ಯ ಯುನಿಕೋಡ್ ಅಲ್ಲ. ಅದನ್ನು ನಕಲಿಸಿ ಸಿಎಂಎಸ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಬೇಸತ್ತವರು ಕರಪತ್ರವನ್ನೇ ಚಿತ್ರವಾಗಿಸಿ ಹಾಕಿಬಿಡುತ್ತಾರೆ; ಆ ಮಾತುಗಳು ಸೈಟಿನ ಹುಡುಕಾಟಕ್ಕೂ ಸಿಗುವುದಿಲ್ಲ, ದೃಷ್ಟಿಹೀನರಿಗೆ ಪುಟ ಓದಿ ಹೇಳುವ ತಂತ್ರಾಂಶಕ್ಕೂ ದಕ್ಕುವುದಿಲ್ಲ. ನೂರು ಸೌಲಭ್ಯಗಳ ಪಟ್ಟಿಯಲ್ಲಿ ಇದಕ್ಕೆ ಮದ್ದಿಲ್ಲ. ನೌಕರರೊಬ್ಬರಿಗೆ ಯುನಿಕೋಡ್ ಪರಿವರ್ತಕ ಬಳಸಲು ಕಲಿಸಿದರೆ ಮುಗಿಯುವ ಕೆಲಸ ಅದು.

ಪಟ್ಟಿಯ ಪರವಾಗಿ ಹೇಳುವವರ ಎರಡು ವಾದಗಳು ಗಟ್ಟಿಯಾಗಿವೆ. ಮೊದಲನೆಯದು, ಜಗತ್ತಿನ ವೆಬ್‌ಸೈಟುಗಳಲ್ಲಿ ಶೇ 40ಕ್ಕೂ ಹೆಚ್ಚು ವರ್ಡ್‌ಪ್ರೆಸ್ ಮೇಲೆ ನಡೆಯುತ್ತಿವೆ. ಇಷ್ಟು ಜನ ತಪ್ಪು ಮಾಡುತ್ತಾರೆಯೇ ಎಂಬುದು. ಜನಪ್ರಿಯತೆಯಿಂದ ನಿಜವಾದ ಲಾಭಗಳಿವೆ: ಕೆಲಸ ಬಲ್ಲವರು ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತಾರೆ, ದೋಷಗಳು ಬೇಗ ಪತ್ತೆಯಾಗುತ್ತವೆ. ಇಲ್ಲಿನ ಟೀಕೆ ವರ್ಡ್‌ಪ್ರೆಸ್ ಮೇಲಲ್ಲ, ಅದನ್ನು ತುಂಬಿಸುವ ರೀತಿಯ ಮೇಲೆ. ಐದಾರು ಪ್ಲಗಿನ್‌ಗಳ, ಪಾತ್ರಗಳನ್ನು ಸರಿಯಾಗಿ ಹಂಚಿದ ವರ್ಡ್‌ಪ್ರೆಸ್ ಬಹುತೇಕ ವ್ಯಾಪಾರಗಳಿಗೆ ಧಾರಾಳವಾಗಿ ಸಾಕು. ಎರಡನೆಯ ವಾದ, ಸಣ್ಣ ವ್ಯಾಪಾರಿಗೆ ಇಷ್ಟೆಲ್ಲ ಯೋಚಿಸಲು ಪುರುಸೊತ್ತೂ ಇಲ್ಲ, ಹಣವೂ ಇಲ್ಲ. ಅವರಿಗೆ ಎಲ್ಲ ಸೇರಿಸಿ ಕೊಟ್ಟರೇ ಅನುಕೂಲ ಎಂಬುದು. ಇದು ತಲೆಕೆಳಗಾದ ಕರುಣೆ. ನೋಡಿಕೊಳ್ಳುವವರು ಕಡಿಮೆಯಿದ್ದಷ್ಟೂ ನೋಡಿಕೊಳ್ಳಬೇಕಾದದ್ದೂ ಕಡಿಮೆಯಿರಬೇಕು. ವರ್ಷಕ್ಕೆ ಎರಡು ಸಲ ಬದಲಾಗುವ ನಾಲ್ಕು ಪುಟಗಳ ಸೈಟಿಗೆ ಡೇಟಾಬೇಸೇ ಬೇಕಿಲ್ಲ. 2008ರ ಜೆಕಿಲ್, 2013ರ ಹ್ಯೂಗೊದಂಥ ಸಾಧನಗಳಲ್ಲಿ ಸಿದ್ಧಪಡಿಸಿದ ಸ್ಥಿರ ಪುಟಗಳಲ್ಲಿ ಒಡೆದು ನುಗ್ಗಲು ಲಾಗಿನ್ ಪುಟವೂ ಇರುವುದಿಲ್ಲ. ಯಾರಾದರೂ ಡೆವಲಪರ್ ವರ್ಷಕ್ಕೆರಡು ಸಲ ತಿದ್ದಿಕೊಟ್ಟರೆ ಸಾಕು. ಚಿಕ್ಕಮಗಳೂರಿನ ಹೋಂಸ್ಟೇ ಒಂದಕ್ಕೆ ಬೇಕಾದದ್ದು ಕೋಣೆಗಳ ಚಿತ್ರ, ದರ, ದಾರಿ, ಫೋನ್ ನಂಬರ್. ಅದಕ್ಕೆ ಸದಸ್ಯತ್ವ ವ್ಯವಸ್ಥೆಯನ್ನೂ ಪಾಪ್‌ಅಪ್ ತಯಾರಕವನ್ನೂ ಜೋಡಿಸಿಕೊಟ್ಟವರು ಉಪಕಾರ ಮಾಡಲಿಲ್ಲ.

ಕೊಳ್ಳುವ ಮುನ್ನ ವಿಚಾರಿಸಬೇಕಾದದ್ದು ಸೌಲಭ್ಯಗಳ ಹೆಸರಲ್ಲ, ನಿತ್ಯದ ಕೆಲಸಗಳ ನಡೆ. ಅಂಗಡಿಯ ನೌಕರರೊಬ್ಬರನ್ನು ಕೂರಿಸಿ, ಏಜೆನ್ಸಿಯವರು ಬಾಯಿ ಬಿಡದಂತೆ ನೋಡಿಕೊಂಡು, ಒಂದು ಬೆಲೆ ಬದಲಿಸಲು ಹೇಳಬೇಕು; ತಪ್ಪು ಬೆಲೆ ಹಾಕಿ ಹಿಂದಿನದಕ್ಕೆ ಮರಳಲು ಹೇಳಬೇಕು. ನಿನ್ನೆಯ ಬ್ಯಾಕಪ್‌ನಿಂದ ಸೈಟನ್ನು ಮತ್ತೆ ಎಬ್ಬಿಸಿ ತೋರಿಸಿ ಎಂದು ಕೇಳಬೇಕು. ಬ್ಯಾಕಪ್ ಇದೆ ಎಂಬ ಉತ್ತರಕ್ಕೆ, ಮರಳಿ ತಂದು ತೋರಿಸುವವರೆಗೆ, ಏನೂ ಅರ್ಥವಿಲ್ಲ. ಪ್ರತಿ ಪ್ಲಗಿನ್‌ನ ಎದುರು ಅದನ್ನು ಯಾರು ಅಪ್‌ಡೇಟ್ ಮಾಡುತ್ತಾರೆಂದು ಹೆಸರು ಬರೆಸಬೇಕು. ಹೆಸರು ಸಿಗದ ಪ್ಲಗಿನ್ ಬೇಡವಾದದ್ದು.

ಬಿಟ್ಟುಹೋಗುವ ದಾರಿ ಯಾವ ಪಟ್ಟಿಯಲ್ಲೂ ಕಾಣಿಸುವುದಿಲ್ಲ. ವಿಕ್ಸ್‌ನಲ್ಲಿ ಕಟ್ಟಿದ ಸೈಟನ್ನು ಇದ್ದಂತೆಯೇ ಎತ್ತಿ ಬೇರೆ ಸರ್ವರಿಗೆ ಒಯ್ಯಲು ಬರುವುದಿಲ್ಲ. ಮುಕ್ತ ತಂತ್ರಾಂಶದಲ್ಲಿ ಈ ತೊಂದರೆಯಿಲ್ಲವೆಂದು ನಂಬಿದವರು ಡಬ್ಲ್ಯುಪಿಬೇಕರಿಯಂಥ ಪೇಜ್ ಬಿಲ್ಡರನ್ನು ಒಮ್ಮೆ ನಿಲ್ಲಿಸಿ ನೋಡಬೇಕು. ಚಂದದ ಪುಟಗಳಿದ್ದಲ್ಲಿ ಚೌಕ ಆವರಣಗಳ ಸಂಕೇತಗಳು ರಾಶಿಬೀಳುತ್ತವೆ. 2024ರ ಅಕ್ಟೋಬರಿನಲ್ಲಿ ವರ್ಡ್‌ಪ್ರೆಸ್‌ನ ಮುಂದಾಳುಗಳಿಗೂ ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಗೂ ನಡೆದ ಜಗಳದಲ್ಲಿ, ಆ ಕಂಪನಿಯ ಅತಿ ಜನಪ್ರಿಯ ಪ್ಲಗಿನ್ ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್‌ನ ಜಾಗವನ್ನು ಅಧಿಕೃತ ಭಂಡಾರದವರೇ ವಶಪಡಿಸಿಕೊಂಡು ಹೆಸರು ಬದಲಿಸಿದರು. ಅಲ್ಲಿಂದ ಸ್ವಯಂಚಾಲಿತ ಅಪ್‌ಡೇಟ್ ಪಡೆಯುತ್ತಿದ್ದ ಸೈಟುಗಳಿಗೆ, ಮಾಲೀಕರು ಏನನ್ನೂ ಕೇಳದೆಯೇ, ಬೇರೆಯವರ ಸಂಕೇತ ಬಂದು ಕೂತಿತು. ಹೀಗಾಗಿ ಬರಹ, ಚಿತ್ರ, ಬೆಲೆಪಟ್ಟಿಗಳನ್ನು ಬೇರೆ ತಂತ್ರಾಂಶ ಓದಬಲ್ಲ ಸರಳ ಕಡತವಾಗಿ ಹೊರತೆಗೆಯಲು ಬರುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ತೆಗೆಸಿ ನೋಡುವುದು ಅಗತ್ಯ. ಡೊಮೇನ್ ಮತ್ತು ಹೋಸ್ಟಿಂಗ್ ಖಾತೆಗಳು ಏಜೆನ್ಸಿಯ ಹೆಸರಿನಲ್ಲಿದ್ದರೆ ಆ ಕಡತದಿಂದಲೂ ಅರ್ಧ ಪ್ರಯೋಜನವೇ. ಅವು ಸಂಸ್ಥೆಯ ಸ್ವಂತ ಹೆಸರು, ಸ್ವಂತ ಇಮೇಲ್‌ನಲ್ಲಿ ನೋಂದಣಿಯಾಗಿರಬೇಕು. ನವೀಕರಣದ ನೋಟಿಸು ಮಾಲೀಕರಿಗೇ ನೇರ ಬರಬೇಕು.